ಅಲ್ಯೂಟರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಪೆಸಿಫಿಕ್‌ನ ಈ ದ್ವೀಪವಾಸಿಗಳ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಹರಟೆಯಲ್ಲೂ ಬರುತ್ತವೆ, ಪತ್ರದಲ್ಲೂ ಬರುತ್ತವೆ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ತುಸು ಆಳದವು.

## ಮೊದಲ ಪರಿಚಯ

ಅಲ್ಯೂಟರು ಅಂದ್ರೆ ಎಸ್ಕಿಮೊಗಳೇ ಅಲ್ವಾ? ಇಗ್ಲೂ ಕಟ್ಟಿಕೊಂಡು ಇರ್ತಾರಲ್ಲ?

ಅಲ್ಲ. ದೂರದ ನೆಂಟಸ್ತಿಕೆ ಉಂಟು, ಆದರೆ ಜನ ಬೇರೆ, ಭಾಷೆ ಬೇರೆ, ಬದುಕೂ ಬೇರೆ. ಇಬ್ಬರ ಭಾಷೆಗಳೂ ಒಂದೇ ಕುಟುಂಬದವು, ಆದರೆ ಸಾವಿರಾರು ವರ್ಷಗಳ ಹಿಂದೆಯೇ ಕವಲೊಡೆದಿವೆ. ಹಿಮದ ಮನೆ ಅವರಲ್ಲಿ ಇರಲೇ ಇಲ್ಲ. ಅವರ ಮನೆಯ ಹೆಸರು ಉಲಖ್. ನೆಲವನ್ನು ಅರ್ಧ ಅಗೆದು, ತೇಲಿಬಂದ ಮರ ಮತ್ತು ತಿಮಿಂಗಿಲದ ಮೂಳೆಯಿಂದ ಚೌಕಟ್ಟು ನಿಲ್ಲಿಸಿ, ಮೇಲೆ ಹುಲ್ಲುಹೆಂಟೆ ಹೊದಿಸುತ್ತಿದ್ದರು. ಬಾಗಿಲು ಇರುತ್ತಿದ್ದದ್ದು ಮಾಡಿನಲ್ಲಿ. ಮೆಟ್ಟಿಲು ಕೊರೆದ ದಿಮ್ಮಿ ಹಿಡಿದು ಒಳಕ್ಕೆ ಇಳಿಯಬೇಕಿತ್ತು. ಹೊರಗಿನಿಂದ ನೋಡಿದವರಿಗೆ ಅದು ಹಸಿರು ದಿಬ್ಬದಂತೆ ಕಾಣುತ್ತಿತ್ತು, ಅಷ್ಟೇ.

ಅಲ್ಯೂಟ್ ಅನ್ನಬೇಕಾ, ಉನಂಗನ್ ಅನ್ನಬೇಕಾ? ಒಂದೊಂದು ಕಡೆ ಒಂದೊಂದು ಹೆಸರಿದೆ.

'ಅಲ್ಯೂಟ್' ಎಂದು ಕರೆದವರು ಹದಿನೆಂಟನೇ ಶತಮಾನದ ರಷ್ಯನ್ ತುಪ್ಪಳ ವ್ಯಾಪಾರಿಗಳು. ಆ ಜನ ತಮ್ಮನ್ನು ಕರೆದುಕೊಳ್ಳುವುದು ಪೂರ್ವದ ಕಡೆ ಉನಂಗನ್ ಎಂದು, ಪಶ್ಚಿಮದ ಕಡೆ ಉನಂಗಸ್ ಎಂದು. ಒಬ್ಬರಾದರೆ ಉನಂಗಖ್. ಕೊನೆಯ ಅಕ್ಷರವನ್ನು ಗಂಟಲಾಳದಿಂದ ಉಜ್ಜಿ ಹೇಳಬೇಕು.

ಹಾಗೆಂದು ಅಲ್ಯೂಟ್ ಬೈಗುಳವೇನಲ್ಲ. ಅನೇಕ ಹಿರಿಯರು ಇಂದಿಗೂ ಅದನ್ನೇ ಬಳಸುತ್ತಾರೆ, ಅವರ ಸಂಸ್ಥೆಗಳ ಹೆಸರಿನಲ್ಲೂ ಅದಿದೆ. ತೊಡಕು ಇನ್ನೊಂದಿದೆ: ರಷ್ಯನ್ನರು ಕೊಡಿಯಾಕ್ ದ್ವೀಪದ ಸುಗ್ಪಿಯಾಕ್ ಜನರನ್ನೂ ಅಲ್ಯೂಟರೆಂದೇ ಕರೆದುಬಿಟ್ಟರು. ಅವರ ಭಾಷೆ ಪೂರಾ ಬೇರೆ. ಹಳೆಯ ಬರಹದಲ್ಲಿ ಅಲ್ಯೂಟ್ ಎಂದು ಕಂಡರೆ ಯಾವ ದ್ವೀಪದ ಮಾತು ಎಂದು ನೋಡಿಕೊಳ್ಳುವುದು ಒಳ್ಳೆಯದು. ನಾನು ಇಲ್ಲಿಂದ ಮುಂದೆ ಉನಂಗನ್ ಎಂದೇ ಬರೆಯುತ್ತೇನೆ. ಅವರ ಹೆಸರು, ಅವರಿಗೇ ಸಲ್ಲಲಿ.

ಈ ದ್ವೀಪಗಳು ಎಲ್ಲಿವೆ? ತುಂಬಾ ಚಳಿಯಾ?

ಅಲಾಸ್ಕಾದ ಮೂಲೆಯಿಂದ ರಷ್ಯಾದ ಕಮ್ಚಾಟ್ಕಾ ಕಡೆಗೆ ಸುಮಾರು 1,900 ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿದ ಸಾಲು ಅದು. ಉತ್ತರಕ್ಕೆ ಬೇರಿಂಗ್ ಸಮುದ್ರ, ದಕ್ಷಿಣಕ್ಕೆ ಪೆಸಿಫಿಕ್. ಎಲ್ಲವೂ ಜ್ವಾಲಾಮುಖಿಗಳಿಂದ ಎದ್ದ ನೆಲ. ಶಿಶಾಲ್ಡಿನ್ ಎಂಬ ಪರ್ವತ 2,857 ಮೀಟರ್ ಎತ್ತರವಿದ್ದು ಈಗಲೂ ಹೊಗೆಯಾಡುತ್ತದೆ. ಸಮುದ್ರದ ದೆಸೆಯಿಂದ ಚಳಿ ನೀವು ಅಂದುಕೊಂಡಷ್ಟಿಲ್ಲ. ದ್ವೀಪಸಾಲಿನ ಸುತ್ತ ಕಡಲು ಹೆಪ್ಪುಗಟ್ಟುವುದಿಲ್ಲ. ಕಾಡುವುದು ಗಾಳಿ, ಮಂಜು, ಬಿಡದ ಮಳೆ. ಮರ ಬೆಳೆಯುವುದಿಲ್ಲ, ಸೊಂಟದೆತ್ತರದ ಹುಲ್ಲು ಮಾತ್ರ. ಇಂಥಲ್ಲಿ ಜನ ಸುಮಾರು 9,000 ವರ್ಷಗಳಿಂದ ಇದ್ದಾರೆ. ಉಮ್ನಾಕ್ ದ್ವೀಪದ ಪಕ್ಕದ ಅನಂಗುಲಾದಲ್ಲಿ ಅವರ ಕಲ್ಲಿನ ಅಲಗುಗಳು ಸಿಕ್ಕಿವೆ.

ಅಲಾಸ್ಕಾ ಎಂಬ ಹೆಸರೂ ಅವರದೇ ಭಾಷೆಯಿಂದ ಬಂದದ್ದು. ಕಡಲು ಯಾವುದರ ಕಡೆಗೆ ಬಂದು ಅಪ್ಪಳಿಸುತ್ತದೋ ಅದು, ಅಂದರೆ ದ್ವೀಪದವರ ಕಣ್ಣಿನಲ್ಲಿ ದೊಡ್ಡ ನೆಲ.

## ಕಸುಬು, ಕೈಕೆಲಸ, ಊಟ

ಮರವೇ ಇಲ್ಲದ ಊರಲ್ಲಿ ದೋಣಿ ಹೇಗೆ ಮಾಡ್ತಿದ್ರು?

ಕಡಲು ತಂದು ಹಾಕಿದ ಮರದಿಂದ. ದೂರದ ನದಿಗಳಲ್ಲಿ ಕೊಚ್ಚಿಬಂದ ದಿಮ್ಮಿಗಳು ದಡಕ್ಕೆ ಬಂದು ಬೀಳುತ್ತಿದ್ದವು. ಅದರಲ್ಲಿ ಯಾವುದು ಬಾಗುತ್ತದೆ, ಯಾವುದು ಸೀಳುತ್ತದೆ ಎಂದು ಮುಟ್ಟಿ ನೋಡಿ ಆರಿಸುತ್ತಿದ್ದರು. ಆ ದೋಣಿಯ ಹೆಸರು ಇಕ್ಯಖ್. ರಷ್ಯನ್ನರು ಇಟ್ಟ ಹೆಸರು ಬೈದಾರ್ಕಾ. ಚೌಕಟ್ಟಿಗೆ ಒಂದು ಮೊಳೆಯೂ ಇಲ್ಲ, ಕೀಲು ಕೀಲಿಗೂ ಕಟ್ಟು. ಬೆನ್ನೆಲುಬಿನಂಥ ತಳದ ಮರವನ್ನು ಒಂದೇ ತುಂಡಾಗಿ ಇಡದೆ ಮೂರು ತುಂಡು ಜೋಡಿಸುತ್ತಿದ್ದರು. ಅಲೆ ಎದ್ದಾಗ ದೋಣಿ ಸೆಟೆದು ನಿಲ್ಲದೆ ಅಲೆಯ ಜೊತೆ ಬಳುಕಬೇಕು, ಅದಕ್ಕೆ. ಮರಕ್ಕೆ ಮರ ಉಜ್ಜಿ ಸವೆಯದಂತೆ, ಕಿರ್‌ ಎಂದು ಸದ್ದಾಗದಂತೆ ಕೀಲುಗಳ ನಡುವೆ ಸಣ್ಣ ಮೂಳೆ ಚೂರುಗಳನ್ನು ಕೂರಿಸುತ್ತಿದ್ದರು. ಮೂತಿ ಎರಡಾಗಿ ಸೀಳಿರುತ್ತದೆ: ಕೆಳಗಿನದು ನೀರು ಕತ್ತರಿಸಲು, ಮೇಲಿನದು ತೇಲಿಸಲು.

ಇನ್ನು ಹೊದಿಕೆ. ಅದು ಹೆಂಗಸರ ಕೆಲಸ. ಕಡಲಸಿಂಹದ ಚರ್ಮವನ್ನು ಹದ ಮಾಡಿ, ಹಕ್ಕಿಯ ಮೂಳೆಯ ಸೂಜಿ, ಸ್ನಾಯುವಿನ ಎಳೆ ಹಿಡಿದು, ನೀರು ಒಂದು ಹನಿ ಒಳಬರದಂತೆ ಹೊಲಿಯುತ್ತಿದ್ದರು. ಹೊಲಿಗೆ ಒಂದು ಕಡೆ ಬಿಟ್ಟರೆ ಗಂಡ ಮನೆಗೆ ಬರುವುದಿಲ್ಲ. ಬೇಟೆಗಾರ ತೊಡುವ ಮಳೆಯಂಗಿಯೂ ಅವರದೇ ಕೈಯದು. ಕಡಲಸಿಂಹದ ಕರುಳನ್ನು ತೊಳೆದು, ಊದಿ, ಒಣಗಿಸಿ, ಸೀಳಿದರೆ ಬೆಳಕು ಹಾಯುವಷ್ಟು ತೆಳ್ಳಗಿನ ಪಟ್ಟಿ ಸಿಗುತ್ತದೆ. ಅಂಥ ಪಟ್ಟಿಗಳನ್ನು ಸೇರಿಸಿ ಹೊಲಿದ ಅಂಗಿ ಅದು. ಬೇಟೆಗಾರರ ಹೆಸರು ಉಳಿದಷ್ಟು ಈ ಹೊಲಿಗೆಯವರ ಹೆಸರು ಉಳಿದಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಅಷ್ಟು ಸಣ್ಣ ದೋಣಿಯಲ್ಲಿ ಕೂತು ತಿಮಿಂಗಿಲ ಹೊಡೀತಿದ್ರಾ?

ಹೌದು. ಈಟಿಯ ಮೊನೆಗೆ ಅಕೋನೈಟ್ ಗಿಡದ ಬೇರಿನ ವಿಷ ಹಚ್ಚುತ್ತಿದ್ದರು. ನಮ್ಮ ವೈದ್ಯರು ವತ್ಸನಾಭಿ ಎನ್ನುತ್ತಾರಲ್ಲ, ಅದೇ ಜಾತಿ. ಪೆಟ್ಟು ತಿಂದ ತಿಮಿಂಗಿಲ ಒಂದೆರಡು ದಿನದಲ್ಲಿ ಸತ್ತು ದಡಕ್ಕೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಈಟಿಯ ಗುರುತು ನೋಡಿ ಯಾರ ಬೇಟೆ ಎಂದು ತೀರ್ಮಾನವಾಗುತ್ತಿತ್ತು.

ಕೂತಲ್ಲಿಂದಲೇ ಈಟಿ ಎಸೆಯಬೇಕು, ಒಂದು ಕೈಯಲ್ಲಿ ಹುಟ್ಟು ಹಿಡಿದೇ ಇರಬೇಕು. ಅದಕ್ಕೆ ತೋಳಿಗೆ ಬಲ ಕೊಡುವ ಎಸೆಹಲಗೆ ಬಳಸುತ್ತಿದ್ದರು. ಇದೆಲ್ಲ ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಹುಡುಗನನ್ನು ತಯಾರು ಮಾಡುವ ಹೊಣೆ ಸೋದರಮಾವನದು. ಎಳೆಯ ವಯಸ್ಸಿನಲ್ಲೇ ಕಾಲು ನೀಡಿ ಕೂರಿಸಿ ತೊಡೆಯ ನರ ಎಳೆದು ಸಡಿಲಿಸುವುದು, ತೋಳನ್ನು ಹಿಂದಕ್ಕೆ ಬಾಗಿಸುವುದು, ತಣ್ಣೀರಿನಲ್ಲಿ ಅದ್ದಿ ಮೈ ಗಟ್ಟಿ ಮಾಡುವುದು, ಹೀಗೆ ವರ್ಷಗಟ್ಟಲೆ ನಡೆಯುತ್ತಿತ್ತು.

ಆ ಉದ್ದ ಮೂತಿಯ ಮರದ ಟೋಪಿ ಏನದು?

ತೇಲಿಬಂದ ಮರದ ಹಲಗೆಯನ್ನು ಕಾಗದದಂತೆ ಸವರಿ, ಹಬೆಯಲ್ಲಿ ಮೆತ್ತಗಾಗಿಸಿ, ಬಗ್ಗಿಸಿ, ಹಿಂದೆ ಹೊಲಿದು ಮಾಡಿದ ಬೇಟೆಗಾರನ ಟೋಪಿ. ನೀರಿನ ಮೇಲಿನ ಹೊಳಪಿನಿಂದ ಕಣ್ಣಿಗೆ, ಸಿಡಿವ ನೀರಿನಿಂದ ಮುಖಕ್ಕೆ ಮರೆ. ಬಣ್ಣದ ಸುರುಳಿ, ದಂತದ ತುಂಡು, ಕಡಲಸಿಂಹದ ಮೀಸೆ ಅಲಂಕಾರಕ್ಕೆ. ಪೂರ್ತಿ ಮುಚ್ಚಿದ ದೊಡ್ಡ ಟೋಪಿ ಎಲ್ಲರಿಗೂ ಸಲ್ಲುತ್ತಿರಲಿಲ್ಲ, ಹೆಸರು ಮಾಡಿದವರಿಗೆ ಮಾತ್ರ.

ಅಟ್ಟು ಬುಟ್ಟಿ ಅಷ್ಟು ದುಬಾರಿ ಯಾಕೆ? ಹುಲ್ಲಿನದೇ ತಾನೆ?

ಹುಲ್ಲಿನದೇ. ಆದರೆ ಹುಲ್ಲು ಎಂಬ ಮಾತಿಗೆ ಅಲ್ಲಿ ತೂಕವಿದೆ. ಕಡಲಂಚಿನ ಕಾಡು ರೈ ಹುಲ್ಲನ್ನು ಬೇಸಿಗೆಯಲ್ಲಿ ಎಸಳೆಸಳಾಗಿ ಆರಿಸಿ ಕೀಳಬೇಕು. ಒಮ್ಮೆಲೇ ಬಿಸಿಲಿಗೆ ಹಾಕಿದರೆ ಪೆಡಸಾಗುತ್ತದೆ, ಹಾಗಾಗಿ ನೆರಳಿನಲ್ಲಿ ವಾರಗಟ್ಟಲೆ ನಿಧಾನಕ್ಕೆ ಒಣಗಿಸಬೇಕು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ದಾರದಷ್ಟು ಸಣ್ಣಗೆ ಸೀಳಬೇಕು. ಅದಕ್ಕೆಂದೇ ಉಗುರು ಬೆಳೆಸುತ್ತಿದ್ದರು. ಅಟ್ಟು ದ್ವೀಪದ ಹೆಂಗಸರು ಬುಟ್ಟಿಯನ್ನು ತಲೆಕೆಳಗಾಗಿ ತೂಗುಹಾಕಿ ಹೆಣೆಯುತ್ತಿದ್ದರು. ಮುಗಿದ ಬುಟ್ಟಿಯನ್ನು ಸ್ವಲ್ಪ ದೂರದಿಂದ ನೋಡಿದರೆ ನಾರುಬಟ್ಟೆ ಎಂದೇ ಅನ್ನಿಸುತ್ತದೆ.

ಈ ವಿದ್ಯೆ ಇಪ್ಪತ್ತನೇ ಶತಮಾನದ ನಡುವೆ ಕೆಲವೇ ಬೆರಳುಗಳಲ್ಲಿ ಉಳಿದಿತ್ತು. ಅಟ್ಕಾ ದ್ವೀಪದಲ್ಲಿ 1900ರಲ್ಲಿ ಹುಟ್ಟಿ ಉನಲಾಸ್ಕಾ ದ್ವೀಪದಲ್ಲಿ ಬಾಳಿದ ಅನ್ಫೇಸಿಯಾ ಶಾಪ್ಸ್ನಿಕಾಫ್ ಊರೂರಿಗೆ ಹೋಗಿ ಕಲಿಸಿದರು. 1973ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹೆಣಿಗೆ ಮುಂದಿನ ತಲೆಮಾರಿನ ಕೈಗೆ ದಾಟಿತ್ತು.

ಊಟಕ್ಕೆ ಏನು?

ಸಾಲ್ಮನ್, ಹಾಲಿಬಟ್, ಸೀಲ್ ಮತ್ತು ಕಡಲಸಿಂಹದ ಮಾಂಸ, ಕಡಲ ಮುಳ್ಳುಚೆಂಡು, ಕಾಡುಹಣ್ಣು. ರಷ್ಯನ್ನರಿಂದ ಬಂದು ಈಗ ಅವರದೇ ಆಗಿಹೋಗಿರುವುದು ಎರಡು: ಎಣ್ಣೆಯಲ್ಲಿ ಕರಿದ ಉಬ್ಬು ರೊಟ್ಟಿ ಅಲಾದಿಕ್, ಅನ್ನ ಮತ್ತು ಸಾಲ್ಮನ್ ಪದರ ಪದರವಾಗಿ ತುಂಬಿ ಬೇಯಿಸಿದ ಪಿರೋಕ್.

## ಇತಿಹಾಸ

ರಷ್ಯನ್ನರು ಅಷ್ಟು ದೂರ ಬಂದು ಮಾಡಿದ್ದೇನು?

1741ರಲ್ಲಿ ವಿಟಸ್ ಬೇರಿಂಗ್ ಮತ್ತು ಅಲೆಕ್ಸೀ ಚಿರಿಕಾಫ್ ಎರಡು ಹಡಗಿನಲ್ಲಿ ಬಂದರು. ಬೇರಿಂಗ್ ವಾಪಸಾಗುವಾಗ ದ್ವೀಪವೊಂದರಲ್ಲಿ ಸತ್ತ. ಬದುಕುಳಿದ ನಾವಿಕರು ಕಡಲ ನೀರುನಾಯಿಯ ತುಪ್ಪಳ ಹೊತ್ತು ಊರಿಗೆ ಮರಳಿದರು. ಚೀನಾದಲ್ಲಿ ಆ ತುಪ್ಪಳಕ್ಕೆ ಬಂಗಾರದ ಬೆಲೆ. ಸರಿ, ವ್ಯಾಪಾರಿಗಳು ಮುಗಿಬಿದ್ದರು. ಅದೇ ಯಾನದಲ್ಲಿ ಮೊದಲ ಸಲ ಕಂಡ ಸ್ಟೆಲ್ಲರನ ಕಡಲಹಸು ಎಂಬ ಭಾರೀ ಪ್ರಾಣಿ 1768ರ ಹೊತ್ತಿಗೆ ಭೂಮಿಯ ಮೇಲೆ ಒಂದೂ ಉಳಿಯಲಿಲ್ಲ. ಇಪ್ಪತ್ತೇಳೇ ವರ್ಷ.

ನೀರುನಾಯಿ ಹಿಡಿಯುವುದು ರಷ್ಯನ್ನರಿಗೆ ಬರುತ್ತಿರಲಿಲ್ಲ. ಮೇಲೆ ಹೇಳಿದ ಆ ದೋಣಿ, ಆ ಎಸೆತ, ಸೋದರಮಾವ ಕಲಿಸಿದ ಆ ವಿದ್ಯೆ ಬೇಕಿತ್ತು. ಆದ್ದರಿಂದ ಹೆಂಗಸರು ಮಕ್ಕಳನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ಅವರ ಕಸುಬೇ ಅವರಿಗೆ ಮುಳುವಾಯಿತು. ಈ ಜನರ ಇತಿಹಾಸ ಅರ್ಥವಾಗಬೇಕಾದರೆ ಈ ಒಂದು ಎಳೆಯನ್ನು ಕೈಬಿಡಬಾರದು: ಹೊರಗಿನವರಿಗೆ ಬೇಕಾಗಿದ್ದು ಅವರ ನೆಲಕ್ಕಿಂತ ಹೆಚ್ಚಾಗಿ ಅವರ ಕೈಚಳಕ.

ಅವರು ಸುಮ್ಮನಿರಲಿಲ್ಲ. 1763-64ರ ಚಳಿಗಾಲದಲ್ಲಿ ಉಮ್ನಾಕ್, ಉನಲಾಸ್ಕಾ ಕಡೆಯವರು ಒಟ್ಟಾಗಿ ಎದ್ದು ನಾಲ್ಕು ಹಡಗು ನಾಶ ಮಾಡಿದರು. ಸೇಡಿಗೆ ಬಂದ ಇವಾನ್ ಸೊಲೊವ್ಯಾಫ್ ಹಳ್ಳಿ ಹಳ್ಳಿ ನುಗ್ಗಿ ಜನರನ್ನು ಕೊಂದ, ದೋಣಿ ಈಟಿಗಳನ್ನೂ ಒಡೆಸಿದ. ದೋಣಿ ಹೋದರೆ ಚಳಿಗಾಲಕ್ಕೆ ಊಟವಿಲ್ಲ. ಕೊಲೆ, ಹಸಿವು, ಹೊಸ ರೋಗ ಎಲ್ಲ ಸೇರಿ ಎರಡು ಮೂರು ತಲೆಮಾರಿನಲ್ಲಿ ಬಹುಪಾಲು ಜನ ಇಲ್ಲವಾದರು. 1799ರಿಂದ ರಷ್ಯನ್-ಅಮೆರಿಕನ್ ಕಂಪನಿ ಎಂಬ ತುಪ್ಪಳ ವ್ಯಾಪಾರದ ಕಂಪನಿ ಇದನ್ನೆಲ್ಲ ಕಾನೂನಿನ ಚೌಕಟ್ಟಿಗೆ ತಂದಿತು, ದುಡಿಮೆಯಂತೂ ತಪ್ಪಲಿಲ್ಲ.

ಇಷ್ಟೆಲ್ಲ ಅನ್ಯಾಯ ಮಾಡಿದವರ ಧರ್ಮವನ್ನೇ ಯಾಕೆ ಇಟ್ಟುಕೊಂಡ್ರು?

ಕೇಳಬೇಕಾದ ಪ್ರಶ್ನೆಯೇ. ಉತ್ತರದ ಒಂದು ಭಾಗ ಭಾಷೆಯಲ್ಲಿದೆ. 1824ರಲ್ಲಿ ಉನಲಾಸ್ಕಾಕ್ಕೆ ಬಂದ ರಷ್ಯನ್ ಆರ್ಥೊಡಾಕ್ಸ್ ಪಾದ್ರಿ ಇವಾನ್ ವೆನಿಯಾಮಿನಾಫ್ ಜನರ ಭಾಷೆ ಕಲಿತರು. ತಿಗಾಲ್ಡಾ ದ್ವೀಪದ ಮುಖಂಡ ಇವಾನ್ ಪಾಂಕಾಫ್ ಜೊತೆ ಕೂತು ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಅಕ್ಷರ ಹೊಂದಿಸಿದರು. 1834ರಲ್ಲಿ ಆ ಭಾಷೆಯ ಮೊದಲ ಪುಸ್ತಕ ಅಚ್ಚಾಯಿತು. ಅಟ್ಕಾದಲ್ಲಿ ಪಾದ್ರಿಯಾಗಿದ್ದ ಯಾಕೊವ್ ನೆತ್ಸ್ವೆತಾಫ್ ಅವರ ತಾಯಿಯೇ ಉನಂಗನ್. ಹೀಗೆ ಚರ್ಚಿನಲ್ಲಿ ಓದುವುದು, ಹಾಡುವುದು, ಪ್ರಾರ್ಥಿಸುವುದು ತಮ್ಮ ಮಾತಿನಲ್ಲೇ ಆಯಿತು. ಮುಂದೆ ಅಮೆರಿಕದ ಶಾಲೆಗಳು ಆ ಮಾತಾಡಿದ ಮಕ್ಕಳನ್ನು ಶಿಕ್ಷಿಸುವ ಕಾಲ ಬಂದಾಗ, ಭಾಷೆಗೆ ಆಸರೆಯಾಗಿ ಉಳಿದದ್ದು ಆ ಚರ್ಚೇ. ಉನಲಾಸ್ಕಾದ ಹಸಿರು ಗುಮ್ಮಟದ ಚರ್ಚು 1896ರದ್ದು. ಕ್ರಿಸ್ಮಸ್ ಇಂದಿಗೂ ಚರ್ಚಿನ ಹಳೆಯ ಪಂಚಾಂಗದಂತೆ ಜನವರಿ 7ಕ್ಕೆ. ತಿರುಗುವ ನಕ್ಷತ್ರ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುತ್ತಾರೆ.

1867ರಲ್ಲಿ ಅಮೆರಿಕ ಕೊಂಡ ಮೇಲಾದರೂ ಒಳ್ಳೆಯದಾಯ್ತಾ?

72 ಲಕ್ಷ ಡಾಲರಿಗೆ ಅಲಾಸ್ಕಾ ರಷ್ಯಾದಿಂದ ಅಮೆರಿಕಕ್ಕೆ ಕೈಬದಲಾಯಿತು, ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಬೇರಿಂಗ್ ಸಮುದ್ರದ ಪ್ರಿಬಿಲಾಫ್ ದ್ವೀಪಗಳಾದ ಸೇಂಟ್ ಪಾಲ್, ಸೇಂಟ್ ಜಾರ್ಜ್‌ಗಳಲ್ಲಿ ಲಕ್ಷಗಟ್ಟಲೆ ಫರ್ ಸೀಲ್‌ಗಳು ಮರಿಹಾಕಲು ಸೇರುತ್ತವೆ. ರಷ್ಯನ್ನರು ಅಲ್ಲಿಗೆ ಹೊತ್ತೊಯ್ದು ಇಳಿಸಿದ್ದ ಉನಂಗನ್ ಕುಟುಂಬಗಳನ್ನು ಅಮೆರಿಕವೂ ಅದೇ ಕೆಲಸಕ್ಕೆ ಹಚ್ಚಿತು. ಮೊದಲು ಗುತ್ತಿಗೆ ಕಂಪನಿಗಳು, 1910ರಿಂದ ನೇರ ಸರ್ಕಾರವೇ. ಚರ್ಮದಿಂದ ಖಜಾನೆಗೆ ಕೋಟಿಗಟ್ಟಲೆ ಬಂತು. ಸುಲಿದವರಿಗೆ ಸಿಕ್ಕಿದ್ದು ಹೆಚ್ಚಾಗಿ ಅಂಗಡಿ ಸಾಮಾನು. ದ್ವೀಪ ಬಿಟ್ಟು ಹೋಗಲೂ ಅಧಿಕಾರಿಯ ಅಪ್ಪಣೆ ಬೇಕಿತ್ತು. 1951ರಲ್ಲಿ ಅವರು ದಾವೆ ಹೂಡಿದರು. 1970ರ ದಶಕದ ಕೊನೆಗೆ 85 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಇವರನ್ನೂ ಕ್ಯಾಂಪಿಗೆ ಹಾಕಿತ್ತಂತೆ, ನಿಜವಾ?

ನಿಜ. 1942ರ ಜೂನ್ 3 ಮತ್ತು 4ರಂದು ಜಪಾನ್ ಉನಲಾಸ್ಕಾದ ಡಚ್ ಹಾರ್ಬರ್ ಬಂದರಿನ ಮೇಲೆ ಬಾಂಬು ಹಾಕಿತು, ಬೆನ್ನಿಗೇ ಅಟ್ಟು ಮತ್ತು ಕಿಸ್ಕಾ ದ್ವೀಪಗಳನ್ನು ಹಿಡಿಯಿತು. ಅಟ್ಟುವಿನ ನಲವತ್ತರಷ್ಟು ಜನರನ್ನು ಜಪಾನಿನ ಒತಾರುಗೆ ಸೆರೆ ಒಯ್ದರು. ಹೆಚ್ಚುಕಡಿಮೆ ಅರ್ಧ ಜನ ಅಲ್ಲೇ ಹಸಿವು, ಕ್ಷಯದಿಂದ ಸತ್ತರು.

ಉಳಿದ ಒಂಬತ್ತು ಹಳ್ಳಿಗಳ 881 ಜನರನ್ನು ಅಮೆರಿಕವೇ ತೆರವು ಮಾಡಿಸಿತು. ರಕ್ಷಣೆಗೆ ಎಂದರು. ಅಟ್ಕಾದ ಮನೆಗಳಿಗೆ ಶತ್ರುವಿಗೆ ಸಿಗದಿರಲೆಂದು ಅಮೆರಿಕದ ನೌಕಾಪಡೆಯೇ ಬೆಂಕಿಯಿಟ್ಟಿತು. ಕೈಗೆ ಸಿಕ್ಕ ಗಂಟು ಹಿಡಿದು ಹಡಗು ಹತ್ತಿದವರನ್ನು ಇಳಿಸಿದ್ದು ಆಗ್ನೇಯ ಅಲಾಸ್ಕಾದಲ್ಲಿ. ಅಲ್ಲಿ ಸುತ್ತಲೂ ಕತ್ತಲೆಯಂಥ ಕಾಡು. ದಿಗಂತ ನೋಡಿ ಬೆಳೆದವರಿಗೆ ಮರಗಳ ನಡುವೆ ಉಸಿರುಕಟ್ಟಿತೆಂದು ಬದುಕಿ ಬಂದವರು ಹೇಳಿಕೊಂಡಿದ್ದಾರೆ. ಫಂಟರ್ ಬೇಯಲ್ಲಿ ಸೇಂಟ್ ಪಾಲ್‌ನವರಿಗೆ ಕೊಟ್ಟದ್ದು ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆ, ಸೇಂಟ್ ಜಾರ್ಜ್‌ನವರಿಗೆ ಪಾಳು ಬಿದ್ದ ಗಣಿ. ಕೊಠಡಿಗಳ ನಡುವೆ ಗೋಡೆಯಿಲ್ಲ, ಕಂಬಳಿಯೇ ಮರೆ. ಕುಡಿಯುವ ನೀರು ಕೊಳಕು. ದಡಾರ, ನ್ಯುಮೋನಿಯಾ, ಕ್ಷಯ ಒಂದರ ಮೇಲೊಂದು. ಸುಮಾರು ಹತ್ತರಲ್ಲಿ ಒಬ್ಬರು ಸತ್ತರು, ಹೆಚ್ಚಾಗಿ ಮುದುಕರು ಮತ್ತು ಕೂಸುಗಳು. ಉನಲಾಸ್ಕಾದಲ್ಲಿ ಬಿಳಿಯರಿಗೆ ಊರಲ್ಲೇ ಉಳಿಯಲು ಬಿಟ್ಟರು ಎನ್ನುವುದನ್ನು ಇದರ ಜೊತೆ ಇಟ್ಟು ನೋಡಿ. 1943ರ ಬೇಸಿಗೆಗೆ ಪ್ರಿಬಿಲಾಫ್ ಗಂಡಸರನ್ನು ಮತ್ತೆ ದ್ವೀಪಕ್ಕೆ ಒಯ್ದದ್ದು ಬೇರೆ ಯಾವುದಕ್ಕೂ ಅಲ್ಲ, ಸೀಲ್ ಬೇಟೆಗೆ.

ಮರಳಿದಾಗ ಮನೆಗಳು ಸೈನಿಕರ ಕೈಯಲ್ಲಿ ಲೂಟಿಯಾಗಿದ್ದವು, ಚರ್ಚಿನ ಐಕಾನ್‌ಗಳೂ, ಅಂದರೆ ಪೂಜೆಯ ಚಿತ್ರಪಟಗಳೂ, ಕಾಣೆ. ಅಟ್ಟು, ಮಕುಶಿನ್, ಕಶೇಗಾ, ಬಿಯೋರ್ಕಾ ಊರುಗಳು ಮತ್ತೆ ಊರಾಗಲೇ ಇಲ್ಲ. 1988ರ ಕಾಯಿದೆಯಡಿ ಬದುಕುಳಿದವರಿಗೆ ತಲಾ 12,000 ಡಾಲರ್ ಮತ್ತು ಕ್ಷಮೆ ಬಂತು. ನಲವತ್ತಾರು ವರ್ಷ ತಡವಾಗಿ.

ಅಣುಬಾಂಬ್ ಪರೀಕ್ಷೆಯೂ ಅಲ್ಲೇ ಆಗಿದ್ದಾ?

ಹೌದು, ಅಮ್ಚಿಟ್ಕಾ ದ್ವೀಪದಲ್ಲಿ 1965, 1969 ಮತ್ತು 1971ರಲ್ಲಿ ಮೂರು ಸಲ. ಕೊನೆಯದು ಅಮೆರಿಕ ನೆಲದೊಳಗೆ ಸಿಡಿಸಿದ ಅತಿ ದೊಡ್ಡ ಬಾಂಬು. ಅದನ್ನು ತಡೆಯಲು ಹೊರಟ ದೋಣಿಯಿಂದಲೇ ಪರಿಸರ ಸಂಘಟನೆ ಗ್ರೀನ್‌ಪೀಸ್ ಹುಟ್ಟಿತು. ಗ್ರೀನ್‌ಪೀಸ್ ಹೆಸರು ಗೊತ್ತಿರುವ ಎಷ್ಟೋ ಜನರಿಗೆ ಅದು ಉನಂಗನ್ನರ ನೆಲ ಎಂದು ಗೊತ್ತಿಲ್ಲ.

## ಭಾಷೆ ಮತ್ತು ಇಂದಿನ ಬದುಕು

ಅವರ ಭಾಷೆ ಹೇಗಿದೆ? ಕಷ್ಟನಾ?

ಉನಂಗಮ್ ತುನೂ ಎಂದು ಹೆಸರು. ಕನ್ನಡಿಗರಿಗೆ ಒಂದಷ್ಟು ಪರಿಚಿತ ಅನ್ನಿಸೀತು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ. ಸಂಸ್ಕೃತದಂತೆ ದ್ವಿವಚನವೂ ಇದೆ. ನಮ್ಮಲ್ಲಿ 'ಇದು', 'ಅದು' ಎರಡರಲ್ಲಿ ಮುಗಿಯುವುದಕ್ಕೆ ಅಲ್ಲಿ ಹತ್ತಾರು ಪದಗಳು: ಮೇಲಿರುವುದು, ಕೆಳಗಿರುವುದು, ಒಳಗಿರುವುದು, ಕಣ್ಣಿಗೆ ಕಾಣದ್ದು, ಹೀಗೆ. ಮಂಜಿನ ಕಡಲಿನಲ್ಲಿ ದಿಕ್ಕು ಹೇಳುವ ಜನಕ್ಕೆ ಬೇಕಾದದ್ದೇ. 'ಪ' ಮತ್ತು 'ಬ' ಸ್ವಂತ ಪದಗಳಲ್ಲಿ ಇಲ್ಲ, ಎರವಲು ಪದದಲ್ಲಿ ಮಾತ್ರ.

ಚೆನ್ನಾಗಿ ಮಾತಾಡುವವರು ಈಗ ಬಹಳ ಕಡಿಮೆ, ಹೆಚ್ಚಿನವರು ವಯಸ್ಸಾದವರು. ಅಟ್ಟು ಉಪಭಾಷೆ ಹೋಗಿಯೇಬಿಟ್ಟಿದೆ. 1994ರಲ್ಲಿ ಬಂದ ಕ್ನೂತ್ ಬರ್ಗ್ಸ್ಲಾಂಡ್ ಅವರ ದೊಡ್ಡ ನಿಘಂಟು ಕಲಿಯುವವರಿಗೆ ಆಧಾರ.

ರಷ್ಯಾದಲ್ಲೂ ಅಲ್ಯೂಟರು ಇದ್ದಾರಂತಲ್ಲ?

ಕಮ್ಚಾಟ್ಕಾ ಕಡೆಯ ಕಮಾಂಡರ್ ದ್ವೀಪಗಳಲ್ಲಿ ಇದ್ದಾರೆ. ತುಪ್ಪಳ ಕಂಪನಿ 1820ರ ದಶಕದಲ್ಲಿ ಅಲ್ಲಿಗೆ ಒಯ್ದು ಇಳಿಸಿದವರ ಮಕ್ಕಳು ಮೊಮ್ಮಕ್ಕಳು. 2010ರ ರಷ್ಯಾ ಜನಗಣತಿಯಲ್ಲಿ 482 ಜನ. ಅಲ್ಲಿನ ಮೆದ್ನಿ ದ್ವೀಪದಲ್ಲಿ ಅಪರೂಪದ ಬೆರಕೆ ಭಾಷೆಯೊಂದು ಬೆಳೆದಿತ್ತು: ಧಾತು ಉನಂಗನ್, ಅದಕ್ಕೆ ಹತ್ತುವ ಕ್ರಿಯಾ ಪ್ರತ್ಯಯ ರಷ್ಯನ್. ಪದ ಎರವಲು ಪಡೆಯುವುದು ಎಲ್ಲ ಭಾಷೆಯಲ್ಲೂ ಉಂಟು, ಕ್ರಿಯಾಪದದ ಬಾಲವನ್ನೇ ಪೂರ್ತಿ ಎರವಲು ತಂದದ್ದು ಜಗತ್ತಿನಲ್ಲೇ ವಿರಳ. ಅದನ್ನಾಡುತ್ತಿದ್ದ ಕೊನೆಯ ವ್ಯಕ್ತಿ 2022ರಲ್ಲಿ ತೀರಿಕೊಂಡರು.

ಈಗ ಹೊಟ್ಟೆಪಾಡಿಗೆ ಏನು ಮಾಡ್ತಾರೆ?

ಹೆಚ್ಚಿನ ಕಡೆ ಮೀನುಗಾರಿಕೆ. ಉನಲಾಸ್ಕಾದ ಡಚ್ ಹಾರ್ಬರ್ ಮೀನಿನ ತೂಕದಲ್ಲಿ ಅಮೆರಿಕದ ಅತಿ ದೊಡ್ಡ ಬಂದರು. ಏಡಿ ಎಂಬ ಹೆಸರಿನಲ್ಲಿ ಮಾರುವ ಬಿಳಿ ಕೆಂಪು ಕಡ್ಡಿಗಳಲ್ಲಿ ಇರುವುದು ಬಹುಪಾಲು ಪೊಲಾಕ್ ಮೀನು, ಅದರ ದೊಡ್ಡ ಪಾಲು ಆ ಕಡಲಿನದು. ಹಾಗೆಂದು ಲಾಭವೆಲ್ಲ ಊರಿನವರಿಗೆ ಸಿಗುತ್ತದೆ ಎಂದುಕೊಳ್ಳಬೇಡಿ. 1971ರ ಭೂ ಇತ್ಯರ್ಥ ಕಾಯಿದೆಯಿಂದ ಹುಟ್ಟಿದ ಅಲ್ಯೂಟ್ ಕಾರ್ಪೊರೇಷನ್ ಅವರದೇ ಕಂಪನಿ. ಆಂಕರೇಜ್, ಸಿಯಾಟಲ್‌ಗಳಲ್ಲಿ ನೆಲೆಸಿದವರೂ ಬಹಳ; ಸಿಯಾಟಲ್‌ನಲ್ಲಿರುವ ನಮ್ಮವರ ಪಕ್ಕದ ಮನೆಯಲ್ಲೇ ಇದ್ದಾರು. ರಷ್ಯನ್ ಅಡ್ಡಹೆಸರು ಕೇಳಿ ರಷ್ಯನ್ನರೆಂದುಕೊಳ್ಳಬೇಡಿ.

ಸೇಂಟ್ ಪಾಲ್‌ನ ಸ್ಥಿತಿ ನನ್ನನ್ನು ಹೆಚ್ಚು ಕಾಡುತ್ತದೆ. ವ್ಯಾಪಾರಿ ಸೀಲ್ ಬೇಟೆ 1980ರ ದಶಕದಲ್ಲಿ ನಿಂತಾಗ ಅವರು ಬಂದರು ಕಟ್ಟಿಕೊಂಡು ಏಡಿಯ ಕಡೆ ತಿರುಗಿದರು. ಕಡಲು ಬಿಸಿಯಾಗಿ ಹಿಮ ಏಡಿಗಳು ಕೋಟಿಗಟ್ಟಲೆ ಸತ್ತವು, 2022ರಲ್ಲಿ ಆ ಏಡಿ ಹಿಡಿಯುವುದನ್ನೇ ಮೊದಲ ಬಾರಿಗೆ ನಿಲ್ಲಿಸಬೇಕಾಯಿತು. ಐನೂರಕ್ಕೂ ಕಡಿಮೆ ಜನರ ಊರಿಗೆ ಅದರ ಪೆಟ್ಟು ಎಷ್ಟೆಂದು ಯೋಚಿಸಿ.

ಈಗಲೂ ಸೀಲ್ ಕೊಲ್ಲೋದು ಸರಿಯಾ?

ಮನೆಯ ಊಟಕ್ಕೆ, ಕೈಕೆಲಸಕ್ಕೆ ಮಾತ್ರ, ಮಿತಿಯೊಳಗೆ. 1972ರ ಸಮುದ್ರ ಸಸ್ತನಿ ಕಾಯಿದೆ ಅಲಾಸ್ಕಾದ ಕರಾವಳಿಯ ಮೂಲ ನಿವಾಸಿಗಳಿಗೆ ಆ ಹಕ್ಕು ಕೊಟ್ಟಿದೆ. ನನ್ನ ಅಭಿಪ್ರಾಯ ಕೇಳಿದರೆ, ಸೀಲ್‌ಗಳನ್ನು ಬರಿದು ಮಾಡಿದ್ದು ಆ ಊರಿನ ಊಟವಲ್ಲ, ದೂರದ ಪೇಟೆಯ ಕೋಟು.

ಹಳೆಯದೇನಾದರೂ ವಾಪಸ್ ಬರ್ತಿದೆಯಾ?

ಬರ್ತಿದೆ. ಬೇಸಿಗೆಯ ಸಂಸ್ಕೃತಿ ಶಿಬಿರಗಳಲ್ಲಿ ಮಕ್ಕಳು ಹಿರಿಯರ ಜೊತೆ ಕೂತು ಸಾಲ್ಮನ್ ಸೀಳುತ್ತಾರೆ, ಹಬೆಯಲ್ಲಿ ಟೋಪಿ ಬಗ್ಗಿಸುತ್ತಾರೆ, ಇಕ್ಯಖ್ ಚೌಕಟ್ಟು ಕಟ್ಟುತ್ತಾರೆ. ಹೊದಿಕೆಗೆ ಚರ್ಮದ ಬದಲು ನೈಲಾನ್ ಬಂದಿದೆ, ಕಟ್ಟು ಮಾತ್ರ ಹಳೆಯದೇ. ಹಡಗಿನಿಂದ ಇಳಿದ ಇಲಿಗಳು ಹಕ್ಕಿಗಳನ್ನೆಲ್ಲ ತಿಂದು ಹಾಕಿದ್ದಕ್ಕೆ ಇಲಿ ದ್ವೀಪ ಎಂದೇ ಹೆಸರಾಗಿದ್ದ ದ್ವೀಪದಲ್ಲಿ 2008ರಲ್ಲಿ ಇಲಿಗಳನ್ನು ತೆಗೆದರು. ಹಕ್ಕಿಗಳು ಮರಳಿದವು. 2012ರಲ್ಲಿ ಅದಕ್ಕೆ ಉನಂಗನ್ ಹೆಸರೂ ಮರಳಿತು: ಹವದಖ್.

ಅವರ ಭಾಷೆಯಲ್ಲಿ ಒಂದೆರಡು ಮಾತು ಕಲಿಸಿ.

ಎದುರು ಸಿಕ್ಕವರಿಗೆ 'ಆಂಗ್' ಎನ್ನಿ. ನಮಸ್ಕಾರವೂ ಅದೇ, ಹೌದು ಎನ್ನುವುದೂ ಅದೇ. ಉಪಕಾರ ನೆನೆಯಲು ಪೂರ್ವದ ದ್ವೀಪಗಳಲ್ಲಿ 'ಕಗಾಸಾಕುಂಗ್'. ಮೊದಲ 'ಕ' ನಾಲಿಗೆಯ ಬುಡದಿಂದ ಬರಲಿ, 'ಗ' ಗಂಟಲಲ್ಲಿ ಸ್ವಲ್ಪ ಉಜ್ಜಲಿ.